ನೀರಿಗೆ ಬಿದ್ದ ಹಳೇ ರೈಲ್ವೆ ಸಾಮಾನು ಯಾರದ್ದು? ಅಮೆರಿಕದ ನದಿ, ಸರೋವರಗಳಿಂದ ಎತ್ತುವ ಮುಂಚೆ ನೋಡಬೇಕಾದ ಕಾನೂನು, ಹೆಜ್ಜೆ ಹೆಜ್ಜೆಯಾಗಿ

ಹಳೇ ರೈಲು ಸೇತುವೆಯ ಹತ್ತಿರ ದಡದಲ್ಲಿ ನಿಂತು ಹಗ್ಗಕ್ಕೆ ಕಟ್ಟಿದ ಮ್ಯಾಗ್ನೆಟ್ಟನ್ನು ನೀರಿಗೆ ಎಸೆದವರಿಗೆ ಆ ಕ್ಷಣ ಗೊತ್ತು. ಹಗ್ಗ ಬಿಗಿಯಾಗುತ್ತದೆ. ಒಂದೇ ಸಲಕ್ಕೆ ಬರುವುದಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು ಎಳೆದರೆ ಕೆಸರು ಹಿಡಿತ ಬಿಡುತ್ತದೆ, ಆಮೇಲೆ ಮೇಲೆ ಬರುವುದು ಒಂದು ಹಳಿ ಮೊಳೆಯೋ, ಸ್ವಿಚ್ಚಿನ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಸಾಧನದ) ಬೀಗವೋ, ಅದೃಷ್ಟ ಚೆನ್ನಾಗಿದ್ದರೆ ಕಂಪನಿಯ ಅಕ್ಷರ ಒತ್ತಿರುವ ಲಾಟೀನಿನ ಚೌಕಟ್ಟೋ. ಆಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ನೂರು ವರ್ಷದಿಂದ ಇಲ್ಲೇ ಬಿದ್ದಿದೆ, ಯಾರೂ ಕೇಳಿಕೊಂಡು ಬಂದಿಲ್ಲ, ಎತ್ತಿದವರಿಗೇ ಸೇರಬೇಕು ಅಲ್ವಾ?"

ಅಮೆರಿಕದಲ್ಲಿ ಇದಕ್ಕೆ ಉತ್ತರ ಹೆಚ್ಚಿನ ಸಲ "ಇಲ್ಲ" ಅಂತಲೇ. ನೀರಿನಲ್ಲಿ ಬಿದ್ದಿರುವ ವಸ್ತುವಿಗೂ ಒಡೆಯ ಇರುತ್ತಾನೆ. ಅದು ಬಿದ್ದಿರುವ ತಳಕ್ಕೆ ಇನ್ನೊಬ್ಬ ಒಡೆಯ ಇರುತ್ತಾನೆ. ಅವರಿಬ್ಬರೂ ಒಪ್ಪಿದರೂ ವಸ್ತು ಹಳೆಯದಾಗಿದ್ದರೆ ಪುರಾತತ್ವದ ಕಾನೂನು ಬಂದು ನಡುವೆ ನಿಲ್ಲುತ್ತದೆ. ಮೂರನ್ನೂ ಬೇರೆ ಬೇರೆ ನೋಡಬೇಕು. ಜನ ಎಡವುವುದು ಒಂದನ್ನು ನೋಡಿ ಉಳಿದ ಎರಡನ್ನು ಬಿಟ್ಟಾಗ.

ನಾನು ವಕೀಲನಲ್ಲ, ನೀರಿನಲ್ಲಿ ಹಳೇ ರೈಲ್ವೆ ಸಾಮಾನು ಹುಡುಕುವ ಹವ್ಯಾಸ ಹಚ್ಚಿಕೊಂಡವನು. ಶುರುವಿನಲ್ಲಿ ಒಂದು ಅಣೆಕಟ್ಟಿನ ಹಿನ್ನೀರಿನಿಂದ ಹಿತ್ತಾಳೆಯ ಸ್ವಿಚ್ ಬೀಗವೊಂದನ್ನು ಎತ್ತಿ ಮನೆಗೆ ತಂದಿದ್ದೆ. ಆ ನೀರಿನ ತಳ ಕೇಂದ್ರ ಸರ್ಕಾರದ್ದು ಅಂತ ಆಮೇಲೆ ಗೊತ್ತಾಯಿತು. ಕಚೇರಿಗೆ ಹೋಗಿ ಒಪ್ಪಿಸಿದೆ. ಅಲ್ಲಿದ್ದವರು ಗದರಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ಸರಿಯಾಗಿ ಎಲ್ಲಿ ಸಿಕ್ಕಿತು?" ನನ್ನ ಹತ್ತಿರ ಫೋಟೋ ಇರಲಿಲ್ಲ, ಜಾಗದ ಗುರುತೂ ಇರಲಿಲ್ಲ. ಮುಳುಗಿದ ಆ ಲೈನಿನ ಸ್ಟೇಷನ್ ಎಲ್ಲಿತ್ತು ಅಂತ ಹೇಳಬಹುದಾಗಿದ್ದ ಒಂದೇ ಒಂದು ಕುರುಹನ್ನು ನಾನು ಬರೀ ಬೀಗವಾಗಿ ಮಾಡಿಬಿಟ್ಟಿದ್ದೆ. ಈ ಬರಹ ಅದಕ್ಕೋಸ್ಕರ.

ಮೊದಲ ಹೆಜ್ಜೆ: ತಳ ಯಾರದ್ದು ಅಂತ ನೋಡಿ

"ಸಾರ್ವಜನಿಕ ನೀರು" ಅಂದರೆ ದೋಣಿ ಓಡಿಸಬಹುದು, ಈಜಬಹುದು, ಮೀನು ಹಿಡಿಯಬಹುದು, ಅಷ್ಟೇ. ತಳದಲ್ಲಿ ಇರುವುದನ್ನು ತೆಗೆದುಕೊಂಡು ಹೋಗುವ ಹಕ್ಕು ಅದರ ಜೊತೆ ಬರುವುದಿಲ್ಲ.

ಮೂಲ ನಿಯಮ ಹೀಗಿದೆ. ಒಂದು ರಾಜ್ಯ ಒಕ್ಕೂಟಕ್ಕೆ ಸೇರಿದ ದಿನ ಯಾವ ನದಿ, ಸರೋವರಗಳು ವ್ಯಾಪಾರದ ದೋಣಿ ಓಡಾಡುವಂತೆ ಇದ್ದವೋ ಅವುಗಳ ತಳ ಆ ರಾಜ್ಯದ್ದು. 1845ರಲ್ಲಿ ಸುಪ್ರೀಂ ಕೋರ್ಟ್ ಪೊಲಾರ್ಡ್ ಕೇಸಿನಲ್ಲಿ ಇದನ್ನು ಹೇಳಿತು. 1953ರ ಸಬ್‌ಮರ್ಜ್ಡ್ ಲ್ಯಾಂಡ್ಸ್ ಆಕ್ಟ್ ಅದನ್ನೇ ಗಟ್ಟಿ ಮಾಡಿತು, ಕಡಲ ತೀರದಲ್ಲೂ ರಾಜ್ಯದ ಹಕ್ಕನ್ನು ಸಾಮಾನ್ಯವಾಗಿ 3 ನಾಟಿಕಲ್ ಮೈಲಿವರೆಗೆ ಎಳೆಯಿತು. ಟೆಕ್ಸಾಸ್‌ಗೆ ಮತ್ತು ಗಲ್ಫ್ ಕಡೆಯ ಫ್ಲೋರಿಡಾಕ್ಕೆ ಮಾತ್ರ ಸುಮಾರು 9 ಮೈಲಿ.

ದೋಣಿ ಓಡಾಡುವಂಥದ್ದು ಅಂದರೆ ಏನು ಅನ್ನುವುದಕ್ಕೆ ಡೇನಿಯಲ್ ಬಾಲ್ ಅನ್ನುವ ಸ್ಟೀಮರಿನ ಹಳೇ ಕೇಸಿದೆ, ಮಿಷಿಗನ್‌ನ ಗ್ರ್ಯಾಂಡ್ ನದಿಯದ್ದು. ನದಿ ಸಹಜ ಸ್ಥಿತಿಯಲ್ಲೇ ವ್ಯಾಪಾರದ ಓಡಾಟಕ್ಕೆ ದಾರಿಯಾಗಬಲ್ಲದಾ ಅನ್ನುವ ಅದರ ಅಳತೆಗೋಲು ಇವತ್ತಿಗೂ ನಡೆಯುತ್ತದೆ. 2012ರಲ್ಲಿ ಮೊಂಟಾನಾದ ಕೇಸಿನಲ್ಲಿ ಕೋರ್ಟ್ ಇನ್ನೊಂದು ಮಾತು ಸೇರಿಸಿತು: ಇಡೀ ನದಿಯನ್ನು ಒಟ್ಟಿಗೆ ನೋಡುವ ಹಾಗಿಲ್ಲ, ತುಂಡು ತುಂಡಾಗಿ ನೋಡಬೇಕು. ಹಾಗಾಗಿ ಒಂದೇ ನದಿಯ ಕೆಳಭಾಗ ರಾಜ್ಯದ್ದಾಗಿದ್ದು ಮೇಲಿನ ಬಂಡೆಗಳ ಭಾಗ ಖಾಸಗಿಯವರದ್ದಾಗಿರಬಹುದು. ರೈಲು ಸೇತುವೆಗಳು ಕಿರಿದಾದ, ಬಂಡೆ ಇರುವ ಜಾಗದಲ್ಲೇ ಜಾಸ್ತಿ ಇರುವುದರಿಂದ ನಮಗೆ ಈ ತೀರ್ಪು ಬಹಳ ಮುಖ್ಯ.

ಸಣ್ಣ ಹೊಳೆ, ತೊರೆಗಳಲ್ಲಿ ತಳ ಸಾಮಾನ್ಯವಾಗಿ ಎರಡೂ ದಡದ ಜಮೀನಿನವರದ್ದು, ಅವರವರ ಕಡೆಯಿಂದ ನಡುವಿನ ತನಕ. ಅಂಥ ಕಡೆ ಜಮೀನಿನವರ ಲಿಖಿತ ಒಪ್ಪಿಗೆ ಇಲ್ಲದೆ ಇಳಿಯಬೇಡಿ. ರೈಲ್ವೆಯ ದಾರಿಯೇ ದಡ ಆಗಿದ್ದರೆ ಆ ಜಮೀನಿನವರು ರೈಲ್ವೆ ಕಂಪನಿಯೇ ಆಗಿರಬಹುದು.

ಮೂಲನಿವಾಸಿ ಬುಡಕಟ್ಟುಗಳ ನೀರು ಬೇರೆಯೇ. ಐಡಾಹೋದ ಕೋರ್ ಡಲೀನ್ ಸರೋವರ ನೋಡಿದರೆ ಎಲ್ಲರಿಗೂ ಸೇರಿದ್ದು ಅನ್ನಿಸುತ್ತದೆ, ಆದರೆ ಅದರ ದಕ್ಷಿಣದ ಮೂರನೇ ಒಂದು ಭಾಗದ ತಳ ಬುಡಕಟ್ಟಿನ ಪರವಾಗಿ ಕೇಂದ್ರದ ಕೈಯಲ್ಲಿದೆ ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಅಲ್ಲಿ ರಾಜ್ಯದ ಪರ್ಮಿಟ್ ಹಿಡಿದುಕೊಂಡು ಹೋದರೆ ಪ್ರಯೋಜನ ಇಲ್ಲ.

ಇನ್ನು ಅಣೆಕಟ್ಟಿನ ಹಿನ್ನೀರು. ರೈಲ್ವೆ ಹುಚ್ಚಿರುವವರಿಗೆ ಇದರ ಸೆಳೆತ ಜಾಸ್ತಿ, ಯಾಕೆಂದರೆ ಅಣೆ ಕಟ್ಟಿದಾಗ ಹಳಿ, ಸೇತುವೆಯ ಕಂಬ, ಸ್ಟೇಷನ್ನಿನ ಅಡಿಪಾಯ ಎಲ್ಲ ಹಾಗೇ ಮುಳುಗಿರುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಎದ್ದು ಕಾಣುತ್ತವೆ, ಸುಮ್ನೆ ನಡೆದುಕೊಂಡು ಹೋಗಿ ಎತ್ತಿಕೊಳ್ಳುವಷ್ಟು ಹತ್ತಿರ. ಆದರೆ ಇವುಗಳಲ್ಲಿ ಬಹಳಷ್ಟು ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಅಥವಾ ಬ್ಯೂರೋ ಆಫ್ ರೆಕ್ಲಮೇಶನ್ ಅನ್ನುವ ಕೇಂದ್ರ ಸಂಸ್ಥೆಗಳ ಕೈಯಲ್ಲಿವೆ. ಕೋರ್‌ನ ಜಾಗದಿಂದ ಐತಿಹಾಸಿಕ ವಸ್ತು ತೆಗೆಯುವ ಹಾಗಿಲ್ಲ, ಮೆಟಲ್ ಡಿಟೆಕ್ಟರ್ ಕೂಡ ಗೊತ್ತು ಮಾಡಿದ ಬೀಚುಗಳಂಥ ಜಾಗಗಳಲ್ಲಿ ಮಾತ್ರ. ರಾಷ್ಟ್ರೀಯ ಉದ್ಯಾನಗಳ ನೀರಿನಲ್ಲಿ ಇನ್ನೂ ಬಿಗಿ, ಡಿಟೆಕ್ಟರ್ ಹಿಡಿದು ಓಡಾಡುವುದೇ ತಪ್ಪು.

ಕಂಡುಹಿಡಿಯುವುದು ಕಷ್ಟ ಇಲ್ಲ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಜಮೀನು ನಕ್ಷೆ ಆನ್‌ಲೈನಿನಲ್ಲಿ ಸಿಗುತ್ತದೆ. ಅದರಲ್ಲಿ ದಡದ ಒಡೆಯರನ್ನು ನೋಡಿ. ಆಮೇಲೆ ರಾಜ್ಯದ ಭೂಮಿ ಇಲಾಖೆಗೆ ಜಾಗದ ಗುರುತು ಕೊಟ್ಟು ಇಮೇಲ್ ಮಾಡಿ, "ಈ ಜಾಗದಲ್ಲಿ ತಳ ರಾಜ್ಯದ್ದಾ?" ಅಂತ ನೇರವಾಗಿ ಕೇಳಿ. ಉತ್ತರ ಬರೋದು ತಡವಾಗಬಹುದು, ಆದರೆ ಬಂದ ಉತ್ತರವನ್ನು ಉಳಿಸಿಕೊಳ್ಳಿ.

ಎರಡನೇ ಹೆಜ್ಜೆ: ವಸ್ತು ಯಾರದ್ದು ಅಂತ ನೋಡಿ

ಇಲ್ಲಿ ಒಂದು ಪದ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. "ಅಬ್ಯಾಂಡನ್ಡ್," ಅಂದರೆ ಬಿಟ್ಟುಹೋದದ್ದು. ರೈಲ್ವೆ ಲೈನ್ ಅಬ್ಯಾಂಡನ್ ಆಯಿತು ಅಂದರೆ ಅಲ್ಲಿ ಇನ್ನು ರೈಲು ಓಡಿಸಬೇಕಿಲ್ಲ ಅಂತ ರೈಲ್ವೆಗಳನ್ನು ನಿಯಂತ್ರಿಸುವ ಕೇಂದ್ರ ಸಂಸ್ಥೆಯಾದ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್, 1996ಕ್ಕಿಂತ ಹಿಂದೆ ಆದರೆ ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್, ಒಪ್ಪಿಗೆ ಕೊಟ್ಟಿದೆ ಅಂತ ಅರ್ಥ. ಹಳಿ, ಸೇತುವೆ, ನೀರಿಗೆ ಬಿದ್ದ ವ್ಯಾಗನ್ ಇವುಗಳನ್ನು ಕಂಪನಿ ಬಿಟ್ಟುಕೊಟ್ಟಿದೆ ಅಂತ ಅದರಿಂದ ಹೇಳಲು ಬರುವುದಿಲ್ಲ.

ವಸ್ತುವಿನ ವಿಷಯದಲ್ಲಿ ಕಾನೂನು ಕೇಳುವುದು ಬೇರೆ: ಒಡೆಯ ಹಕ್ಕನ್ನೇ ಬಿಡುವ ಮನಸ್ಸು ಮಾಡಿದ್ದನಾ? ಬರೀ ಕಾಲ ಕಳೆದರೆ ಸಾಲದು. ಕಳೆದುಹೋದ ವಸ್ತು ಬೇರೆ, ಬಿಟ್ಟುಹೋದ ವಸ್ತು ಬೇರೆ. ಇಂಜಿನ್ ಸೇತುವೆಯಿಂದ ಬಿತ್ತು, ಎತ್ತಲು ಆಗಲಿಲ್ಲ ಅಂದರೆ ಅದು ಕಳೆದುಹೋದದ್ದು. ಅದರ ಮೇಲೆ ವಿಮೆ ಸಿಕ್ಕಿದ್ದರೆ ಹಕ್ಕು ವಿಮೆ ಕಂಪನಿಗೆ ಹೋಗಿರಬಹುದು. 1857ರಲ್ಲಿ ಚಿನ್ನದ ಜೊತೆ ಮುಳುಗಿದ ಸೆಂಟ್ರಲ್ ಅಮೆರಿಕ ಹಡಗನ್ನು 1980ರ ದಶಕದಲ್ಲಿ ಪತ್ತೆ ಹಚ್ಚಿದಾಗ ಹಳೇ ವಿಮೆ ಕಂಪನಿಗಳು ಕೋರ್ಟಿಗೆ ಬಂದವು. 1992ರಲ್ಲಿ ಮೇಲ್ಮನವಿ ಕೋರ್ಟ್ ಅವರು ಹಕ್ಕು ಬಿಟ್ಟಿಲ್ಲ ಅಂತ ಹೇಳಿತು. ನೂರ ಮೂವತ್ತು ವರ್ಷ ಕಳೆದಿತ್ತು!

ರೈಲ್ವೆ ಕಂಪನಿ ಮುಚ್ಚಿಹೋಗಿದೆ ಅನ್ನುವ ವಾದವೂ ಗಟ್ಟಿಯಲ್ಲ. ಅಮೆರಿಕದ ರೈಲ್ವೆಗಳು ಸಾಯುವುದು ಅಪರೂಪ, ಒಂದರೊಳಗೆ ಒಂದು ಸೇರುತ್ತವೆ. ಲಾಟೀನಿನ ಮೇಲೆ ಪೆನ್ಸಿಲ್ವೇನಿಯಾ ರೈಲ್‌ರೋಡಿನ ಅಕ್ಷರ ಇದೆ ಅನ್ನಿ. ಅದು 1968ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಜೊತೆ ಸೇರಿ ಪೆನ್ ಸೆಂಟ್ರಲ್ ಆಯಿತು, 1976ರಲ್ಲಿ ಅದರ ಲೈನುಗಳು ಕಾನ್‌ರೇಲ್‌ಗೆ ಹೋದವು, 1999ರಲ್ಲಿ ಕಾನ್‌ರೇಲನ್ನು ನಾರ್ಫೋಕ್ ಸದರ್ನ್ ಮತ್ತು ಸಿಎಸ್‌ಎಕ್ಸ್ ಹಂಚಿಕೊಂಡವು. ಪಶ್ಚಿಮದಲ್ಲಾದರೆ ಸದರ್ನ್ ಪೆಸಿಫಿಕ್ 1996ರಲ್ಲಿ ಯೂನಿಯನ್ ಪೆಸಿಫಿಕ್‌ಗೆ ಸೇರಿತು, ಅದಕ್ಕೆ ಒಂದು ವರ್ಷ ಮುಂಚೆ ಬರ್ಲಿಂಗ್ಟನ್ ನಾರ್ದರ್ನ್ ಮತ್ತು ಸಾಂಟಾ ಫೆ ಒಂದಾದವು. ಈ ಸರಪಳಿ ಹಿಡಿದು ಕೊನೆಯ ಕೊಂಡಿಗೆ ಬಂದರೆ ಇವತ್ತು ಕಾಗದ ಬರೆಯಬೇಕಾದ ಕಂಪನಿ ಸಿಗುತ್ತದೆ. ಸಣ್ಣ ಲೈನುಗಳು ನಿಜವಾಗಿಯೂ ದಿವಾಳಿಯಾಗಿ ಎಲ್ಲವನ್ನೂ ಹರಾಜು ಹಾಕಿರುತ್ತವೆ. ಆಗ ರಾಜ್ಯದ ದಾಖಲೆ ಭಂಡಾರದಲ್ಲಿ ಹರಾಜಿನ ಪಟ್ಟಿ ಹುಡುಕಬೇಕು.

ಸರಿ, ನಿಜವಾಗಿಯೂ ಬಿಟ್ಟುಹೋದದ್ದು ಅಂತಲೇ ಇಟ್ಟುಕೊಳ್ಳಿ. ಆಗಲೂ "ಹೂತ ವಸ್ತು" ಅನ್ನುವ ನಿಯಮ ಇದೆ. ಕೆಸರಿನೊಳಗೆ ಹೂತುಹೋಗಿದ್ದರೆ ಅದು ಸಾಮಾನ್ಯವಾಗಿ ತಳದ ಒಡೆಯರಿಗೆ ಸೇರುತ್ತದೆ, ಸಿಕ್ಕವರಿಗಲ್ಲ. ನೂರು ವರ್ಷ ಹೊಳೆಯಲ್ಲಿದ್ದ ಕಬ್ಬಿಣ ಹೂತುಹೋಗದೆ ಇರುತ್ತದಾ? ಮೊದಲ ಹೆಜ್ಜೆ ತಪ್ಪಿದರೆ ಎರಡನೆಯದು ನಿಮ್ಮನ್ನು ಕಾಪಾಡುವುದಿಲ್ಲ ಅಂತ ಹೇಳುವುದು ಇದಕ್ಕೇ.

ಕಾಗದಪತ್ರ ಹುಡುಕುವುದರಿಂದ ಇನ್ನೊಂದು ಉಪಕಾರ ಇದೆ. 1878ರ ಮೇ ತಿಂಗಳಲ್ಲಿ ಕೊಲರಾಡೋದ ಕಯೋವಾ ಕ್ರೀಕ್‌ನಲ್ಲಿ ಪ್ರವಾಹಕ್ಕೆ ಸೇತುವೆ ಕೊಚ್ಚಿಹೋಗಿ ಕ್ಯಾನ್ಸಸ್ ಪೆಸಿಫಿಕ್‌ನ ಗೂಡ್ಸ್ ರೈಲು ಬಿದ್ದಿತ್ತು, ಇಂಜಿನ್ ಮರಳಿನಲ್ಲಿ ಕಳೆದೇಹೋಯಿತು ಅಂತ ನೂರು ವರ್ಷ ಜನ ನಂಬಿದ್ದರು. 1980ರ ದಶಕದಲ್ಲಿ ಕಾದಂಬರಿಕಾರ ಕ್ಲೈವ್ ಕಸ್ಲರ್ ಅವರ, ಮುಳುಗಿದ್ದನ್ನು ಹುಡುಕುವ ನೂಮಾ ತಂಡ ಯಂತ್ರ ಹಿಡಿದು ಹುಡುಕಿತು, ಸಿಗಲಿಲ್ಲ. ಕೊನೆಗೆ ಹಳೇ ದಾಖಲೆಗಳು ಹೇಳಿದ್ದು ಬೇರೆ ಕಥೆ: ಕಂಪನಿ ಅದನ್ನು ಗುಟ್ಟಾಗಿ ಎತ್ತಿ, ರಿಪೇರಿ ಮಾಡಿ, ಹೊಸ ನಂಬರ್ ಕೊಟ್ಟು ಓಡಿಸಿತ್ತು. ಹೊಳೆಗೆ ಇಳಿಯುವುದಕ್ಕಿಂತ ಮುಂಚೆ ದಾಖಲೆ ಕೋಣೆಗೆ ಹೋಗಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುವುದು ಈ ಕಥೆಯಿಂದಾಗಿಯೇ.

ಮೂರನೇ ಹೆಜ್ಜೆ: ವಯಸ್ಸು ಎಷ್ಟು

ಎರಡು ಸಂಖ್ಯೆ ನೆನಪಿಡಿ: 50 ಮತ್ತು 100. ರಾಷ್ಟ್ರೀಯ ಐತಿಹಾಸಿಕ ಪಟ್ಟಿಗೆ ಸೇರುವ ಯೋಗ್ಯತೆ ಸಾಮಾನ್ಯವಾಗಿ 50 ವರ್ಷಕ್ಕೆ ಶುರುವಾಗುತ್ತದೆ. ಕೇಂದ್ರದ ಮತ್ತು ಬುಡಕಟ್ಟುಗಳ ಜಾಗದಲ್ಲಿ 100 ವರ್ಷ ದಾಟಿದ, ಇತಿಹಾಸ ತಿಳಿಸಬಲ್ಲ ವಸ್ತು 1979ರ ಪುರಾತತ್ವ ಸಂಪನ್ಮೂಲ ರಕ್ಷಣೆ ಕಾಯ್ದೆಗೆ ಬರುತ್ತದೆ. ಇದನ್ನು ಅಲ್ಲಿನವರು ಆರ್ಪಾ ಅನ್ನುತ್ತಾರೆ.

ಆರ್ಪಾ ಹಗುರವಾದ ಕಾನೂನಲ್ಲ. ಮೊದಲ ತಪ್ಪಿಗೆ 10,000 ಡಾಲರ್ ತನಕ ದಂಡ ಅಥವಾ ಒಂದು ವರ್ಷ ಜೈಲು, ಅಥವಾ ಎರಡೂ. ವಸ್ತುವಿನ ಬೆಲೆ ಮತ್ತು ಜಾಗ ಸರಿಪಡಿಸುವ ಖರ್ಚು ಸೇರಿ 500 ಡಾಲರ್ ದಾಟಿದರೆ ದಂಡ 20,000, ಜೈಲು ಎರಡು ವರ್ಷದ ತನಕ ಏರುತ್ತದೆ. ಸರಿಪಡಿಸುವ ಖರ್ಚು ಲೆಕ್ಕಕ್ಕೆ ಬರುವುದರಿಂದ ಆ 500 ದಾಟುವುದು ಸಲೀಸು. ದೋಣಿ, ಗಾಡಿ, ಸಲಕರಣೆ ಕೂಡ ಮುಟ್ಟುಗೋಲಾಗಬಹುದು. ಇದರ ಇನ್ನೊಂದು ವಿಧಿ ಬಹಳ ಜನಕ್ಕೆ ಗೊತ್ತಿಲ್ಲ: ರಾಜ್ಯದ ಅಥವಾ ಸ್ಥಳೀಯ ಕಾನೂನು ಮುರಿದು ತೆಗೆದ ಅಂಥ ಹಳೇ ವಸ್ತುವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೂ ಕೇಂದ್ರದ ಅಪರಾಧ ಆಗುತ್ತದೆ. ಆನ್‌ಲೈನಿನಲ್ಲಿ ಹಾಕಿ ಪಕ್ಕದ ರಾಜ್ಯಕ್ಕೆ ಪಾರ್ಸೆಲ್ ಮಾಡುವವರು ಇದನ್ನು ಎರಡು ಸಲ ಓದಿಕೊಳ್ಳಿ.

100 ವರ್ಷ ಆಗಿಲ್ಲ ಅಂದರೂ ನಿರಾಳ ಆಗಬೇಡಿ. ಕೇಂದ್ರದ ಜಾಗದಿಂದ ತೆಗೆದರೆ ಸರ್ಕಾರಿ ಆಸ್ತಿ ಕದ್ದ ಕೇಸು ಹಾಕಬಹುದು.

ವಯಸ್ಸು ಹೇಳುವುದು ಹೇಗೆ? ಇದು ನನಗೆ ತುಂಬಾ ಇಷ್ಟದ ಭಾಗ. ಹಳಿಯ ನಡುವಿನ ತೆಳು ಭಾಗದ ಮೇಲೆ ಕಾರ್ಖಾನೆಯ ಹೆಸರು, ತೂಕ, ವರ್ಷ ಉಬ್ಬಿರುತ್ತದೆ, ಪಕ್ಕದಲ್ಲಿ ತಿಂಗಳಿಗೊಂದು ಗೀಟು. ಸ್ಲೀಪರಿಗೆ ಹೊಡೆಯುತ್ತಿದ್ದ ಸಣ್ಣ ಮೊಳೆಯ ತಲೆಯ ಮೇಲೆ ಎರಡು ಅಂಕಿ ಕಂಡರೆ ಅದು ಡೇಟ್ ನೇಲ್, 27 ಅಂದರೆ 1927. ವ್ಯಾಗನ್ನಿನ ಕೊಂಡಿ ಬರೀ ಬಳೆ ಮತ್ತು ಗೂಟದ್ದಾಗಿದ್ದರೆ ಅದು ಬಹುತೇಕ 1900ಕ್ಕಿಂತ ಹಿಂದಿನದು. 1893ರ ಸೇಫ್ಟಿ ಅಪ್ಲಯನ್ಸ್ ಆಕ್ಟ್ ತಾನಾಗಿ ಸೇರಿಕೊಳ್ಳುವ ಕೊಂಡಿಯನ್ನು ಕಡ್ಡಾಯ ಮಾಡಿತು, 1900ರ ಹೊತ್ತಿಗೆ ಹಳೆಯದು ಹೋಗಿತ್ತು. ಅಂದರೆ ನೀರಿನಲ್ಲಿ ಬಳೆ ಕೊಂಡಿ ಕಂಡ ಕ್ಷಣವೇ ನೀವು 100 ವರ್ಷದ ಗೆರೆ ದಾಟಿದ್ದೀರಿ. ಕೈ ಹಿಂದಕ್ಕೆ ತೆಗೆದುಕೊಳ್ಳಿ, ಫೋಟೋ ತೆಗೆಯಿರಿ.

ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದು

ಪಕ್ಕದ ರಾಜ್ಯದಲ್ಲಿ ಗೆಳೆಯರು ಮಾಡಿದ್ದು ನಿಮ್ಮ ರಾಜ್ಯದಲ್ಲಿ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಸೌತ್ ಕ್ಯಾರೊಲಿನಾದಲ್ಲಿ 1991ರ ಕಾನೂನಿನ ಪ್ರಕಾರ ಹವ್ಯಾಸಿ ಡೈವರುಗಳಿಗೆ ಲೈಸೆನ್ಸ್ ಇದೆ. ತಳದ ಮೇಲೆ ಬಿದ್ದಿರುವುದನ್ನು ಕೈಯಿಂದ ಎತ್ತಬಹುದು, ಎತ್ತಿದ್ದನ್ನು ವರದಿ ಮಾಡಲೇಬೇಕು. ಆದರೆ ಅದೇ ರಾಜ್ಯದ ನೀರಿನಲ್ಲಿ ಮ್ಯಾಗ್ನೆಟ್ ಫಿಶಿಂಗ್‌ಗೆ ಅವಕಾಶ ಇಲ್ಲ, ಕಾರಣ ಸರಳ, ಏನನ್ನು ಕಿತ್ತು ತರುತ್ತಿದ್ದೀರಿ ಅಂತ ಮೇಲಿನಿಂದ ಕಾಣುವುದಿಲ್ಲ. ಇಂಡಿಯಾನಾದಲ್ಲಿ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜಾಗಗಳಲ್ಲಿ ಮ್ಯಾಗ್ನೆಟ್ ಎಸೆಯಲು ಪರ್ಮಿಟ್ ಬೇಕು. ಫ್ಲೋರಿಡಾದಲ್ಲಿ 1996ರಿಂದ ನದಿಗಳಲ್ಲಿ ಬಿಡಿಯಾಗಿ ಸಿಕ್ಕ ವಸ್ತುವನ್ನು ವರದಿ ಮಾಡಿ ಇಟ್ಟುಕೊಳ್ಳುವ ಒಂದು ಯೋಜನೆ ಇತ್ತು, 2005ರಲ್ಲಿ ಅದನ್ನು ನಿಲ್ಲಿಸಿದರು. ಹಳೇ ವಿಡಿಯೋ ನೋಡಿಕೊಂಡು ಇವತ್ತೂ ಹಾಗೇ ಅಂದುಕೊಂಡವರು ಸಿಕ್ಕಿಹಾಕಿಕೊಳ್ಳುತ್ತಾರೆ. ನ್ಯೂಯಾರ್ಕಿನಲ್ಲಿ ರಾಜ್ಯದ ಜಾಗದಿಂದ, ನೀರಿನ ಕೆಳಗಿನದೂ ಸೇರಿ, ಐತಿಹಾಸಿಕ ವಸ್ತು ತೆಗೆಯಲು ಅನುಮತಿ ಬೇಕೇ ಬೇಕು. ಟೆಕ್ಸಾಸ್‌ನಲ್ಲಿ ಆಂಟಿಕ್ವಿಟೀಸ್ ಕೋಡ್ ಅಂತ ಬೇರೆ ಕಾನೂನೇ ಇದೆ, ಟೆಕ್ಸಾಸ್ ಹಿಸ್ಟಾರಿಕಲ್ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ.

ನಾಲ್ಕನೇ ಹೆಜ್ಜೆ: ಸೇತುವೆಯಿಂದ ಬಿತ್ತಾ, ಹಡಗಿನಿಂದ ಬಿತ್ತಾ?

ಕೇಳಿದರೆ ಚಿಕ್ಕ ವಿಷಯ ಅನ್ನಿಸಬಹುದು. ಕಾನೂನಿಗೆ ಇದು ದೊಡ್ಡದು.

ಅಮೆರಿಕದ ಮಹಾ ಸರೋವರಗಳಲ್ಲಿ ರೈಲು ಬೋಗಿಗಳನ್ನೇ ಹೊತ್ತು ಹೋಗುವ ಹಡಗುಗಳು ಓಡುತ್ತಿದ್ದವು. 1909ರ ಡಿಸೆಂಬರಿನಲ್ಲಿ ಈರೀ ಸರೋವರದಲ್ಲಿ ಕಾಣೆಯಾದ ಮಾರ್ಕ್ವೆಟ್ ಅಂಡ್ ಬೆಸೆಮರ್ ನಂಬರ್ 2 ಅಂಥದ್ದು. 1929ರ ಅಕ್ಟೋಬರ್ 22ರಂದು ಮಿಷಿಗನ್ ಸರೋವರದ ಬಿರುಗಾಳಿಗೆ ಸಿಕ್ಕ ಮಿಲ್ವಾಕೀ ಕೂಡ ಬೋಗಿಗಳ ಸಮೇತ ಮುಳುಗಿತು, ಒಬ್ಬರೂ ಉಳಿಯಲಿಲ್ಲ. ಇಂಥ ಹಡಗಿನಲ್ಲಿರುವ ಬೋಗಿ, ಚಕ್ರ, ಹಳಿ ಎಲ್ಲ ಹಡಗಿನ ಸರಕು ಅಂತ ಲೆಕ್ಕ. 1987ರ ಅಬ್ಯಾಂಡನ್ಡ್ ಶಿಪ್‌ರೆಕ್ ಆಕ್ಟ್ ಪ್ರಕಾರ, ಒಡೆಯರು ಬಿಟ್ಟುಹೋದ ಹಡಗು ರಾಜ್ಯದ ತಳದಲ್ಲಿ ಹೂತಿದ್ದರೆ ಅಥವಾ ರಾಷ್ಟ್ರೀಯ ಪಟ್ಟಿಗೆ ಸೇರುವಂಥದ್ದಾಗಿದ್ದರೆ ಅದು ಸರಕಿನ ಸಮೇತ ರಾಜ್ಯದ ಆಸ್ತಿ. ಎತ್ತಿಕೊಟ್ಟವರಿಗೆ ಸಿಗುವ ಬಹುಮಾನದ ನಿಯಮ, ಸಿಕ್ಕವರಿಗೇ ಸೇರುವ ನಿಯಮ, ಎರಡೂ ಅಲ್ಲಿ ನಡೆಯುವುದಿಲ್ಲ.

ರಾಜ್ಯದ ಗಡಿ ದಾಟಿದ ಕಡಲಿನಲ್ಲಿ ಆಟ ಬದಲಾಗುತ್ತದೆ. ನ್ಯೂಜೆರ್ಸಿಯ ಲಾಂಗ್ ಬ್ರಾಂಚ್ ತೀರದಿಂದ ಸುಮಾರು 5 ಮೈಲಿ ಆಚೆ, 90 ಅಡಿ ಆಳದಲ್ಲಿ, 1850ರ ಸುಮಾರಿನ ಎರಡು ಪುಟ್ಟ ಉಗಿ ಇಂಜಿನ್‌ಗಳು ಅಕ್ಕಪಕ್ಕ ನಿಂತಿವೆ. 1985ರಲ್ಲಿ ಒಬ್ಬ ದೋಣಿ ಕ್ಯಾಪ್ಟನ್ ಕಂಡುಹಿಡಿದದ್ದು. ಅವು 3 ಮೈಲಿ ಗೆರೆಯ ಆಚೆ ಇರುವುದರಿಂದ ವಿಷಯ ಕೇಂದ್ರದ ನೌಕಾ ನ್ಯಾಯ ವ್ಯಾಪ್ತಿಯ ಕೋರ್ಟಿಗೆ ಹೋಯಿತು. ಅಂಥ ಕೋರ್ಟಿನಲ್ಲಿ ವಸ್ತುವನ್ನೇ "ಬಂಧಿಸಿ" ಕಕ್ಷಿಯಾಗಿ ಮಾಡುತ್ತಾರೆ. ಹಕ್ಕು ಕೇಳಬೇಕಾದರೆ ಆ ದಾರಿಯೇ, ಸುಮ್ನೆ ಎತ್ತಿ ತರುವುದಲ್ಲ.

ಸೇತುವೆಯಿಂದ ನದಿಗೆ ಬಿದ್ದ ಇಂಜಿನ್ ಹಡಗೂ ಅಲ್ಲ, ಹಡಗಿನ ಸರಕೂ ಅಲ್ಲ. ಹಾಗಾಗಿ ನೌಕಾ ಕಾನೂನಿನ ಬಹುಮಾನದ ಆಸೆ ಸಾಮಾನ್ಯವಾಗಿ ಬಿಡಬೇಕು, ಮೊದಲ ಮೂರು ಹೆಜ್ಜೆಗಳೇ ಅದಕ್ಕೆ ಅನ್ವಯ.

ಐದನೇ ಹೆಜ್ಜೆ: ಎತ್ತುವ ಕೆಲಸಕ್ಕೇ ಪರ್ಮಿಟ್

ಒಡೆತನ ಬಗೆಹರಿದರೂ ತಳ ಕೆದಕುವುದಕ್ಕೆ ಬೇರೆ ಅನುಮತಿ ಬೇಕು. 1899ರ ರಿವರ್ಸ್ ಅಂಡ್ ಹಾರ್ಬರ್ಸ್ ಆಕ್ಟಿನ 10ನೇ ವಿಧಿ ಪ್ರಕಾರ ದೋಣಿ ಓಡಾಡುವ ನೀರಿನಲ್ಲಿ ಅಗೆಯಲು, ತಳ ಬದಲಾಯಿಸಲು ಆರ್ಮಿ ಕೋರ್‌ನ ಪರ್ಮಿಟ್ ಬೇಕು. ಎತ್ತಿದ ಕೆಸರನ್ನು ಮತ್ತೆ ನೀರಿಗೆ ಸುರಿದರೆ ಕ್ಲೀನ್ ವಾಟರ್ ಆಕ್ಟಿನ 404ನೇ ವಿಧಿ ಬರುತ್ತದೆ. ಒಂದು ಕೇಂದ್ರ ಪರ್ಮಿಟ್ ಬೇಕಾಯಿತು ಅಂದರೆ 1966ರ ಐತಿಹಾಸಿಕ ಸಂರಕ್ಷಣೆ ಕಾಯ್ದೆಯ 106ನೇ ವಿಧಿ ತಾನಾಗಿಯೇ ಜೊತೆಗೆ ಬರುತ್ತದೆ, ಪರ್ಮಿಟ್ ಕೊಡುವವರು ಇತಿಹಾಸಕ್ಕೆ ಏನು ಹಾನಿ ಅಂತ ರಾಜ್ಯದ ಸಂರಕ್ಷಣಾ ಕಚೇರಿಯ ಜೊತೆ ಮಾತಾಡಲೇಬೇಕು. ತಳದಲ್ಲಿ ಅಪಾಯದಂಚಿನ ಚಿಪ್ಪುಜೀವಿಗಳಿದ್ದರೆ ಅಂಥ ಜೀವಿಗಳನ್ನು ಕಾಪಾಡುವ 1973ರ ಕಾಯ್ದೆಯೂ ಇದೆ.

ಕೈಯಲ್ಲಿ ಹಿಡಿಯುವ ಒಂದು ಮೊಳೆಗೆ ಇಷ್ಟೆಲ್ಲ ಆಗುವುದಿಲ್ಲ. ಕ್ರೇನ್, ಪಂಪು, ನೀರಿನಡಿಯಿಂದ ಭಾರ ಎತ್ತುವ ಏರ್‌ಬ್ಯಾಗ್ ಅಂದರೆ ಇಷ್ಟೂ ಆಗುತ್ತದೆ.

ಆರನೇ ಹೆಜ್ಜೆ: ಕಾಗದ ಬರೆಯಿರಿ

ಮೊದಲು ಬರೆಯಬೇಕಾದದ್ದು ರಾಜ್ಯದ ಐತಿಹಾಸಿಕ ಸಂರಕ್ಷಣಾ ಕಚೇರಿಗೆ. ಪ್ರತಿ ರಾಜ್ಯದಲ್ಲೂ ಒಂದಿದೆ, ಕೆಲವು ಕಡೆ ನೀರಿನ ಕೆಳಗಿನ ಪುರಾತತ್ವಕ್ಕೇ ಬೇರೆ ಅಧಿಕಾರಿ ಇರುತ್ತಾರೆ. ಕಾಗದ ಉದ್ದ ಬೇಡ. ಎಲ್ಲಿ ಕಂಡಿತು, ಎಷ್ಟು ಆಳ, ಹೂತಿದೆಯಾ ಮೇಲಿದೆಯಾ, ಅಳತೆ, ಕಂಡ ಗುರುತುಗಳು, ಎರಡು ಮೂರು ಫೋಟೋ. ಕೊನೆಯಲ್ಲಿ ಪ್ರಶ್ನೆ: ಇದು ಈಗಾಗಲೇ ದಾಖಲಾಗಿದೆಯಾ, ತೆಗೆಯಲು ಯಾರ ಅನುಮತಿ ಬೇಕು? "ನಾನು ಏನನ್ನೂ ಮುಟ್ಟಿಲ್ಲ" ಅಂತ ಬರೆಯುವ ಸ್ಥಿತಿಯಲ್ಲಿ ನೀವಿದ್ದರೆ ಆ ಕಡೆಯ ಧ್ವನಿಯೇ ಬೇರೆ ಇರುತ್ತದೆ. ನನಗೆ ಬಂದ ಉತ್ತರಗಳಲ್ಲಿ ಅರ್ಧದಷ್ಟು ಬಹಳ ಉತ್ಸಾಹದಿಂದ ಬಂದವು, ಒಬ್ಬರು ಆ ಸೇತುವೆಯ ಹಳೇ ನಕಾಶೆಯನ್ನೇ ಕಳಿಸಿದರು.

ಎರಡನೇ ಕಾಗದ ರೈಲ್ವೆ ಕಂಪನಿಯ ಆಸ್ತಿ ವಿಭಾಗಕ್ಕೆ. ಇಲ್ಲಿ ಬಾಯಿಮಾತಿನ "ತೊಗೊಳ್ಳಿ ಪರವಾಗಿಲ್ಲ" ನಂಬಬೇಡಿ. ಹಕ್ಕು ಬಿಟ್ಟುಕೊಡುವ ಪತ್ರ ಸಹಿ ಸಮೇತ ಬೇಕು. ಅದರಲ್ಲಿ ವಸ್ತುವಿನ ವಿವರ ಮತ್ತು ಜಾಗ ಎರಡೂ ಇರಲಿ. ಗ್ರೇಟ್ ಸಾಲ್ಟ್ ಲೇಕ್ ಮೇಲೆ 1904ರಲ್ಲಿ ಮುಗಿದ ರೈಲು ದಾರಿಯಾದ ಲೂಸಿನ್ ಕಟಾಫ್‌ನ ಮರದ ಸೇತುವೆಯನ್ನು 1990ರ ದಶಕದಲ್ಲಿ ಬಿಚ್ಚಿ ಆ ಮರವನ್ನು ಮಾರಿದರಲ್ಲ, ಅದು ನಡೆದದ್ದು ಹಕ್ಕನ್ನು ಒಪ್ಪಂದದ ಮೂಲಕ ಪಡೆದುಕೊಂಡೇ. ದೊಡ್ಡ ವಸ್ತುವಿಗೆ ಒಬ್ಬರೇ ಹೋಗುವುದಕ್ಕಿಂತ ಒಂದು ರೈಲ್ವೆ ಮ್ಯೂಸಿಯಂ ಜೊತೆ ಸೇರಿ ಕೇಳಿ. ಎತ್ತಿದ ಮೇಲೆ ಏನು ಮಾಡುತ್ತೀರಿ ಅಂತ ರಾಜ್ಯ ಕೇಳೇ ಕೇಳುತ್ತದೆ. ನೀರಿನಿಂದ ಬಂದ ಕಬ್ಬಿಣ ಗಾಳಿಗೆ ಒಣಗಿದರೆ ಪದರ ಪದರವಾಗಿ ಉದುರುತ್ತದೆ, ಅದರಲ್ಲೂ ಉಪ್ಪುನೀರಿನದು. ತೊಟ್ಟಿಯಲ್ಲಿಟ್ಟು ಉಪ್ಪು ಬಿಡಿಸಲು ವರ್ಷಗಳು ಬೇಕು, ಹಣವೂ ಬೇಕು. ಉತ್ತರ ಇಲ್ಲದಿದ್ದರೆ ಪರ್ಮಿಟ್ ಇಲ್ಲ. ಈ ನಿಯಮ ನನಗೆ ಪೂರ್ತಿ ಒಪ್ಪಿಗೆ. ಎಷ್ಟೋ ವಸ್ತು ನೀರಿನಲ್ಲಿ ಶತಮಾನ ಬದುಕಿ ಯಾರದೋ ಗ್ಯಾರೇಜಿನಲ್ಲಿ ಎರಡೇ ವರ್ಷಕ್ಕೆ ಪುಡಿಯಾಗಿವೆ.

ಏಳನೇ ಹೆಜ್ಜೆ: ನೀರಿನ ಹತ್ತಿರ ಹೋದಾಗ

ರೈಲು ಸೇತುವೆಯ ಮೇಲೆ ನಿಂತು ಮ್ಯಾಗ್ನೆಟ್ ಎಸೆಯಬೇಡಿ. ಅದು ಖಾಸಗಿ ಆಸ್ತಿ, ಹತ್ತಿದರೆ ಅತಿಕ್ರಮಣ. ಮೇಲಾಗಿ ತುಕ್ಕು ಹಿಡಿದ ಲೈನ್ ಕೂಡ ಚಾಲ್ತಿಯಲ್ಲಿರಬಹುದು, ರೈಲು ಬಂದರೆ ಓಡಲು ಜಾಗ ಇರುವುದಿಲ್ಲ. ರೈಲ್ವೆಗೆ ತನ್ನದೇ ಪೊಲೀಸರಿದ್ದಾರೆ, ಅವರಿಗೆ ಬಂಧಿಸುವ ಅಧಿಕಾರ ಇದೆ.

ಚಪ್ಪಟೆಯಾದ ಸಣ್ಣ ಡಬ್ಬಿ, ಪಕ್ಕದಲ್ಲಿ ಸೀಸದ ಪಟ್ಟಿ ಇದ್ದರೆ ಕೂಡಲೇ ದೂರ ಸರಿಯಿರಿ. ಅದು ಟಾರ್ಪೆಡೋ ಅಂತ ಕರೆಯುತ್ತಿದ್ದ ಸಿಗ್ನಲ್ ಪಟಾಕಿ. ಮಂಜಿನಲ್ಲಿ ಚಾಲಕರನ್ನು ಎಚ್ಚರಿಸಲು ಹಳಿಗೆ ಕಟ್ಟುತ್ತಿದ್ದರು, ಚಕ್ರ ಹತ್ತಿದರೆ ಸಿಡಿಯುತ್ತಿತ್ತು. ಹಳೆಯದಾದಷ್ಟೂ ಅದನ್ನು ನಂಬುವ ಹಾಗಿಲ್ಲ. ಅಲ್ಲಿನ ತುರ್ತು ನಂಬರ್ 911ಗೆ ಫೋನ್ ಮಾಡಿ.

ಮೂಳೆ ಕಂಡರೆ ಅಲ್ಲಿಗೆ ನಿಲ್ಲಿಸಿ, ಪೊಲೀಸರಿಗೆ ತಿಳಿಸಿ. 1876ರ ಡಿಸೆಂಬರ್ 29ರಂದು ಒಹಾಯೋದ ಆಷ್ಟಬ್ಯೂಲಾ ನದಿಯ ಸೇತುವೆ ಮುರಿದು ಸುಮಾರು 92 ಜನ ಸತ್ತರು, ಬಹಳ ಜನರ ಗುರುತೇ ಸಿಗಲಿಲ್ಲ. ಅಪಘಾತದ ಜಾಗ ಅಂತ ಗೊತ್ತಿದ್ದರೆ ಅಲ್ಲಿ ನೆನಪಿನ ವಸ್ತು ಹುಡುಕಲು ಹೋಗಲೇಬೇಡಿ ಅಂತ ನಾನು ಕೇಳಿಕೊಳ್ಳುತ್ತೇನೆ.

ಏನೇ ಸಿಕ್ಕರೂ ಗುಜರಿಗೆ ಹಾಕಬೇಡಿ. ಹಳಿ, ಮೊಳೆ, ಪ್ಲೇಟು ಕೊಳ್ಳುವಾಗ ಒಡೆತನದ ಪುರಾವೆ ಕೇಳಬೇಕು ಅಂತ ಹಲವು ರಾಜ್ಯಗಳಲ್ಲಿ ಗುಜರಿಯವರಿಗೆ ಕಾನೂನಿದೆ, ಮಾಹಿತಿ ನೇರವಾಗಿ ರೈಲ್ವೆ ಪೊಲೀಸರಿಗೆ ಹೋಗುತ್ತದೆ.

ಈಗಾಗಲೇ ಎತ್ತಿಬಿಟ್ಟಿದ್ದರೆ

ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಅಕ್ಷರ ಹೋಗುತ್ತದೆ. ಸಿಕ್ಕಿದ ನೀರಿನಲ್ಲೇ ಬಕೆಟ್ಟಿನಲ್ಲಿ ಮುಳುಗಿಸಿಡಿ. ವಾಪಸ್ ಎಸೆಯುವುದೂ ಬೇಡ, ಬೇರೆ ಜಾಗಕ್ಕೆ ಬಿದ್ದರೆ ಗೊಂದಲ ಇನ್ನೂ ಹೆಚ್ಚು. ನೆನಪಿರುವಾಗಲೇ ಜಾಗ, ದಿನ, ಆಳ ಬರೆದಿಟ್ಟು ರಾಜ್ಯದ ಕಚೇರಿಗೆ ಫೋನ್ ಮಾಡಿ. ಕೇಂದ್ರದ ಜಾಗ ಅಂತ ಅನುಮಾನ ಇದ್ದರೆ, ಅಥವಾ ಮಾರಿಯೂ ಆಗಿದ್ದರೆ, ಫೋನಿಗೆ ಮುಂಚೆ ಒಬ್ಬ ವಕೀಲರ ಜೊತೆ ಮಾತಾಡಿ.

ಅನುಮತಿ ಸಿಗದೇ ಹೋದರೂ ಒಂದು ಕೆಲಸ ಬಾಕಿ ಇರುತ್ತದೆ. ಪುರಾತತ್ವ ತಾಣದ ನಮೂನೆ ತುಂಬಿ ಕೊಡಿ. ತಾಣ ಅಂತ ಒಪ್ಪಿದರೆ ರಾಜ್ಯ, ಕೌಂಟಿ, ಕ್ರಮಸಂಖ್ಯೆ ಸೇರಿದ ಒಂದು ನಂಬರ್ ಬೀಳುತ್ತದೆ, ಕಳ್ಳರಿಗೆ ಸಿಗದ ಹಾಗೆ ಜಾಗವನ್ನು ಸಾಮಾನ್ಯವಾಗಿ ಗುಟ್ಟಾಗಿ ಇಡುತ್ತಾರೆ. ನಾನು ಆಮೇಲೆ ಕಂಡ ಒಂದು ಮುಳುಗಿದ ಸೇತುವೆಯ ಬುಡಕ್ಕೆ ಈಗ ಅಂಥ ನಂಬರ್ ಇದೆ. ಅದರ ಕಂಬದ ಪಕ್ಕ ಒಂದು ಬಳೆ ಕೊಂಡಿ ಅರ್ಧ ಹೂತುಕೊಂಡಿದೆ. ನೀರು ಇಳಿದ ವರ್ಷ ಹೋಗಿ ನೋಡಿ ಬರುತ್ತೇನೆ.